ಹಳೇ ನೀರಿನ ಟ್ಯಾಂಕಿನ ಹಿಂದೆ

ಅಲ್ಪವಿರಾಮ ಮೇಷ್ಟ್ರಿಗೆ ಅವಮಾನ ಮಾಡಿದ್ದು ಮನುಷ್ಯರಾಗಿದ್ದರೆ ಅವರು ಸಹಿಸಿಕೊಂಡು ಸುಮ್ಮನಾಗುತ್ತಿದ್ದರು. ಮನುಷ್ಯರಿಂದ ಆಗುವ ಅವಮಾನ ಅವರಿಗೆ ಅಭ್ಯಾಸವಾಗಿತ್ತು. ಈ ಸಲ ಅವಮಾನ ಮಾಡಿದ್ದು ಒಂದು ಅರ್ಜಿ.

ಮೇಷ್ಟ್ರು ಇಪ್ಪತ್ತೆರಡು ವರ್ಷಗಳಿಂದ ಒಂದೇ ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತಿದ್ದರು. ಮಾತಿನ ನಡುನಡುವೆ ನಿಂತು ಉಸಿರು ತೆಗೆದುಕೊಳ್ಳುವ ಅಭ್ಯಾಸವಿದ್ದುದರಿಂದ ಮಕ್ಕಳು ಆ ಹೆಸರಿಟ್ಟಿದ್ದರು. ಮನೆಯಲ್ಲಿ ಚಹಾ ಕೇಳಬೇಕಾದರೂ "ನನಗೆ," ಎಂದು ನಿಂತು, "ಒಂದು ಲೋಟ," ಎಂದು ಮತ್ತೆ ನಿಂತು, ವಾಕ್ಯ ಮುಗಿಯುವಷ್ಟರಲ್ಲಿ ಹೆಂಡತಿ ಚಹಾ ತಂದಿಟ್ಟು ಖಾಲಿ ಲೋಟಕ್ಕಾಗಿ ಕಾಯುತ್ತಿದ್ದಳು.

ಆ ಊರಿನಲ್ಲಿ ಇಂಗ್ಲಿಷ್ ಯಾರ ಮನೆಮಾತೂ ಅಲ್ಲ. ಕಲಿಯುವವರದೂ ಅಲ್ಲ, ಕಲಿಸುವವರದೂ ಅಲ್ಲ. ಹೀಗಾಗಿ ಇಂಗ್ಲಿಷ್ ಶಿಕ್ಷಕರ ಧೈರ್ಯ ಕುಂದದಂತೆ ನೋಡಿಕೊಳ್ಳಲು ಒಂದು ತರಬೇತಿ ಕೇಂದ್ರವಿತ್ತು. ವರ್ಷಕ್ಕೊಂದು ಶನಿವಾರ ಅಲ್ಲಿ ಉಪನ್ಯಾಸಗಳು. ನಾಲ್ಕೈದು ಜನ ಶಿಕ್ಷಕರು ಪಾಠ ಹೇಳುವ ಹೊಸ ದಾರಿಗಳ ಬಗ್ಗೆ ಮಾತಾಡುವುದು, ನೂರಿಪ್ಪತ್ತು ಜನ ಕೇಳುವುದು, ಸಂಜೆ ಎಲ್ಲರೂ ಪ್ರಮಾಣಪತ್ರ ತೆಗೆದುಕೊಂಡು ಹಳೇ ದಾರಿಗೆ ಮರಳುವುದು. ಮೇಷ್ಟ್ರು ಇಂಥ ಹನ್ನೊಂದು ಶನಿವಾರಗಳನ್ನು ಕಿಟಕಿ ಪಕ್ಕದ ಕುರ್ಚಿಯಲ್ಲಿ, ಕಣ್ಣು ತೆರೆದುಕೊಂಡೇ ನಿದ್ದೆ ಮಾಡುತ್ತ ಪಾರು ಮಾಡಿದ್ದರು.

ಈ ವರ್ಷ ಅರ್ಜಿ ಕಂಪ್ಯೂಟರಿನಲ್ಲಿ ಬಂತು. ಶಾಲೆಯ ಆಫೀಸಿನಲ್ಲಿದ್ದ ಒಂದೇ ಕಂಪ್ಯೂಟರಿನ ಮುಂದೆ ಮೇಷ್ಟ್ರು ಕೂತಾಗ ಬೆಲ್ ಹೊಡೆಯಲು ನಾಲ್ಕು ನಿಮಿಷ ಬಾಕಿ. ಬೆನ್ನ ಹಿಂದೆ ಗುಮಾಸ್ತರು ಬೀಗದ ಕೈ ಹಿಡಿದು ನಿಂತಿದ್ದರು. ಹೆಸರಿನ ಸಾಲನ್ನು ಮೇಷ್ಟ್ರು ನಿರಪಾಯವಾಗಿ ದಾಟಿದರು. ಎರಡನೆಯ ಸಾಲಿನಲ್ಲಿ "ಸ್ಪೀಕರ್?" ಎಂದಿತ್ತು. ಪಕ್ಕದಲ್ಲಿ ಹೌದು, ಅಲ್ಲ ಎಂಬ ಎರಡು ಚೌಕ.

ಮೇಷ್ಟ್ರ ಕಿವಿ ಬಿಸಿಯಾಯಿತು.

"ನೋಡ್ರೀ ಇವರ ಕೊಬ್ಬು! ಇಪ್ಪತ್ತೆರಡು ವರ್ಷ, ಇಂಗ್ಲಿಷ್ ಕಲಿಸಿದೋನನ್ನ, ನಿಂಗೆ ಇಂಗ್ಲಿಷ್ ಮಾತಾಡಕ್ಕೆ, ಬರತ್ತಾ ಅಂತ ಕೇಳ್ತಾರಲ್ಲ!"

"ಬರತ್ತೆ ಅಂತ ಒತ್ತಿಬಿಡಿ ಸಾರ್. ನಾನು ಬೀಗ ಹಾಕ್ಬೇಕು," ಅಂದರು ಗುಮಾಸ್ತರು.

ಮೇಷ್ಟ್ರು "ಹೌದು" ಎಂಬುದನ್ನು ಎಷ್ಟು ಜೋರಾಗಿ ಒತ್ತಿದರೆಂದರೆ ಪಕ್ಕದ ಕೋಣೆಯಲ್ಲಿದ್ದವರೂ ತಿರುಗಿ ನೋಡಿದರು. ಅದೇ ಸಿಟ್ಟಿನಲ್ಲಿ ಉಳಿದ ಸಾಲುಗಳನ್ನೂ ತುಂಬಿದರು. "ಏರಿಯಾ?" ಎಂದು ಕೇಳಿತ್ತು. ಅಂಚೆಯವನಿಗೆ, ಹಾಲಿನವನಿಗೆ, ಆಟೋದವನಿಗೆ ಹೇಳಿ ಹೇಳಿ ನಾಲಗೆಗೆ ರೂಢಿಯಾಗಿದ್ದ ಉತ್ತರವನ್ನೇ ಇಂಗ್ಲಿಷಿನಲ್ಲಿ ಬರೆದರು: ಹಳೇ ನೀರಿನ ಟ್ಯಾಂಕಿನ ಹಿಂದೆ. "ಎಷ್ಟು ಸಮಯ?" ಇಪ್ಪತ್ತೆರಡು. "ವಿಶೇಷವಾಗಿ ಏನಾದರೂ ಬೇಕೇ?" ಕಿಟಕಿ ಪಕ್ಕ ಒಂದು ಕುರ್ಚಿ.

ಬೆಲ್ ಹೊಡೆಯಿತು. ಒಬ್ಬ ನಿರಪರಾಧಿ ನಾಲ್ಕೇ ನಿಮಿಷದಲ್ಲಿ, ಯಾರ ಒತ್ತಾಯವೂ ಇಲ್ಲದೆ, ಉಪನ್ಯಾಸಕನಾಗಿಬಿಟ್ಟಿದ್ದ.

ಹತ್ತು ದಿನ ಕಳೆದ ಮೇಲೆ ನೋಟಿಸ್ ಬೋರ್ಡಿನ ಮುಂದೆ ಗುಂಪು ಕೂಡಿತ್ತು. ಮೇಷ್ಟ್ರು ಬಂದೊಡನೆ ಗುಂಪು ದಾರಿ ಬಿಟ್ಟಿತು. ಇಪ್ಪತ್ತೆರಡು ವರ್ಷದಲ್ಲಿ ಯಾರೂ ಅವರಿಗೆ ದಾರಿ ಬಿಟ್ಟವರಲ್ಲ. ಯಾರೋ ಹಿರಿಯರು ಹಿಂದೆ ಬರುತ್ತಿರಬೇಕೆಂದು ಅವರು ತಿರುಗಿ ನೋಡಿದರು. ಹಿಂದೆ ಯಾರೂ ಇರಲಿಲ್ಲ. ಬೋರ್ಡಿನ ಮೇಲೆ ಶನಿವಾರದ ಕಾರ್ಯಕ್ರಮ ಪಟ್ಟಿ. ಹನ್ನೊಂದು ಗಂಟೆಗೆ ಅವರ ಹೆಸರು. ವಿಷಯ: "ಹಳೇ ನೀರಿನ ಟ್ಯಾಂಕಿನ ಹಿಂದೆ". ಅವಧಿ: ಇಪ್ಪತ್ತೆರಡು ನಿಮಿಷ.

ಮೇಷ್ಟ್ರು ಆ ಸಾಲನ್ನು ಮತ್ತೊಮ್ಮೆ ಓದಿದರು.

ಅಷ್ಟರಲ್ಲಿ ಹೆಡ್‌ಮಿಸ್ ತಮ್ಮ ಕೋಣೆಯಿಂದ ಹೊರಬಂದರು. ಅವರು ನಕ್ಕಿದ್ದನ್ನು ನೋಡಿದವರು ಶಾಲೆಯಲ್ಲಿ ಇಬ್ಬರೇ, ಅವರಲ್ಲೊಬ್ಬರು ನಿವೃತ್ತರಾಗಿದ್ದರು. ಅಂಥವರು ನಗುತ್ತ ಬಂದರು.

"ಹೆಸರಿಟ್ರೆ ಹೀಗಿಡಬೇಕು ಕಣ್ರೀ! ಉಳಿದೋರದ್ದು ನೋಡಿ, ಒಂದೊಂದೂ ಮೂರು ಸಾಲು. ನಿಮ್ಮದು ಕವಿತೆ ಇದ್ದ ಹಾಗಿದೆ!"

"ಮಿಸ್, ಅದು ನಮ್ಮ ಮನೆ," ಎಂದು ಮೇಷ್ಟ್ರು ಶುರು ಮಾಡಿ, ಅಭ್ಯಾಸದಂತೆ ನಿಂತರು. ವಿಳಾಸ ಎನ್ನುವ ಒಂದು ಪದ ಮಾತ್ರ ಬಾಕಿಯಿತ್ತು.

"ಹೌದೂ! ನಮ್ಮ ಮನೆ, ನಮ್ಮ ಶಾಲೆ, ಎಲ್ಲಾ ಕಡೆ ಅದೇ ಟ್ಯಾಂಕು!" ಅಂದರು ಹೆಡ್‌ಮಿಸ್.

ಹೋದ ವರ್ಷವಷ್ಟೇ ಸೇರಿದ್ದ ಹೊಸ ಮಿಸ್ ಮುಂದೆ ಬಂದಳು. ಅವಳು ಪ್ರೊಜೆಕ್ಟರ್ ಇಲ್ಲದೆ ಹಾಜರಿಯನ್ನೂ ತೆಗೆದುಕೊಳ್ಳುತ್ತಿರಲಿಲ್ಲ. "ಸರ್, ಟ್ಯಾಂಕ್ ಅಂದ್ರೆ ಹಳೇ ಕಾಲದ ಪಾಠದ ಕ್ರಮ. ತುಂಬಿರತ್ತೆ, ಆದ್ರೆ ಎತ್ತರದಲ್ಲಿರತ್ತೆ. ಅದರ ಹಿಂದೆ ಬಾಯಾರಿದ ಮಕ್ಕಳು. ಅಲ್ವಾ ಸರ್?"

"ಒಂಥರಾ," ಅಂದರು ಮೇಷ್ಟ್ರು.

ಹೆಡ್‌ಮಿಸ್ ಮೇಷ್ಟ್ರನ್ನು ಪಕ್ಕಕ್ಕೆ ಕರೆದು ದನಿ ತಗ್ಗಿಸಿದರು. "ನಿಮ್ಮ ಹತ್ರ ಮುಚ್ಚಿಡಲ್ಲ. ಮುಂದಿನ ವರ್ಷ ಹತ್ತನೇ ಕ್ಲಾಸು ಹೊಸ ಮಿಸ್‌ಗೆ ಕೊಟ್ಟು, ನಿಮ್ಮನ್ನ ಒಂದನೇ ಕ್ಲಾಸಿಗೆ ಕಳಿಸೋಣ ಅಂತ ಆಡಳಿತ ಮಂಡಳಿಯೋರು ಮಾತಾಡ್ತಿದ್ರು. ಈ ಪಟ್ಟಿ ನೋಡಿ ಸುಮ್ಮನಾಗಿದಾರೆ. ಶನಿವಾರದ ವರದಿ ಬರಲಿ, ಆಮೇಲೆ ತೀರ್ಮಾನ ಅಂದಿದಾರೆ. ಮಾನ ಉಳಿಸಿ."

ಇಂಗ್ಲಿಷ್ ಅರ್ಜಿಯನ್ನು ಓದಿ ಅರ್ಥ ಮಾಡಿಕೊಳ್ಳಲಾಗದ ಇಂಗ್ಲಿಷ್ ಮೇಷ್ಟ್ರು ತಾನು ಎಂದು ಈ ಮಾತಿನ ಮೇಲೆ ಯಾವ ಬಾಯಿಂದ ಹೇಳುವುದು? ಮೇಷ್ಟ್ರು ತಲೆ ಅಲ್ಲಾಡಿಸಿದರು. ಅದು ಹೌದೆಂಬಂತೆಯೂ ಕಂಡಿತು, ಅಲ್ಲವೆಂಬಂತೆಯೂ ಕಂಡಿತು. ಹೆಡ್‌ಮಿಸ್ ತಮಗೆ ಬೇಕಾದ ಹಾಗೆ ನೋಡಿಕೊಂಡರು.

ಹೆಂಡತಿಗಾದರೂ ನಿಜ ಹೇಳಬೇಕೆಂದು ಮೇಷ್ಟ್ರು ಮನೆಗೆ ಬಂದು ಕಾರ್ಯಕ್ರಮ ಪಟ್ಟಿಯನ್ನು ಅವಳ ಕೈಗಿಟ್ಟರು. "ಇದರಲ್ಲಿ, ಒಂದು ತಪ್ಪು," ಎಂದು ನಿಂತರು.

"ತಪ್ಪೇನಿಲ್ಲ, ಅಚ್ಚು ಚೆನ್ನಾಗೇ ಬಂದಿದೆ," ಅಂದಳು ಹೆಂಡತಿ. ಆಮೇಲೆ ಓದಿದಳು. ಆಮೇಲೆ ಇನ್ನೊಂದು ಸಲ ಓದಿದಳು. "ರೀ! ನಮ್ಮ ಟ್ಯಾಂಕಿನ ವಿಷಯ ಮಾತಾಡ್ತೀರಾ? ನೂರಾರು ಜನರ ಮುಂದೆ? ಹೇಳೇ ಇಲ್ವಲ್ರೀ!"

ಮೇಷ್ಟ್ರು ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಹೆಂಡತಿ ಪಟ್ಟಿಯ ಸಮೇತ ಎದುರುಮನೆ ಟೈಲರಕ್ಕನ ಬಾಗಿಲಲ್ಲಿದ್ದಳು. ಟೈಲರಕ್ಕನ ಹೊಲಿಗೆ ಮಿಷಿನ್ನು ನಿಂತಿತು. ಆ ಮಿಷಿನ್ನು ಹಗಲು ಹೊತ್ತಿನಲ್ಲಿ ನಿಲ್ಲುವುದು ದೊಡ್ಡ ಸುದ್ದಿಗೆ ಮಾತ್ರ ಎಂಬುದು ಬೀದಿಗೆಲ್ಲ ಗೊತ್ತು. ಒಬ್ಬೊಬ್ಬರೇ ಹೊರಗೆ ಬಂದರು.

ಇಲ್ಲಿ ಟ್ಯಾಂಕಿನ ಸಂಗತಿ ಹೇಳಬೇಕು. ಬೀದಿಯ ತುದಿಯಲ್ಲಿ ನಾಲ್ಕು ಕಾಲ ಮೇಲೆ ನಿಂತಿದ್ದ ಆ ಟ್ಯಾಂಕು ಒಂಬತ್ತು ತಿಂಗಳಿಂದ ಹಿಂಬದಿಯಲ್ಲಿ ಬಿರುಕು ಬಿಟ್ಟು ಸೋರುತ್ತಿತ್ತು. ಬೆಳಿಗ್ಗೆ ಆರಕ್ಕೆ ತುಂಬಿದ ನೀರು ಎಂಟಕ್ಕೆ ಮುಕ್ಕಾಲು ಪಾಲು ಚರಂಡಿ ಸೇರುತ್ತಿತ್ತು. ನಲ್ಲಿಯಲ್ಲಿ ಬರುವುದು ಕೆಮ್ಮು ಮಾತ್ರ. ನೀರಿನ ಇಲಾಖೆಗೆ ಹೊಸದಾಗಿ ಬಂದಿದ್ದ ಸಾಹೇಬರು ದೂರು ತೆಗೆದುಕೊಂಡು ಹೋದವರ ಜೊತೆ ಇಂಗ್ಲಿಷಿನಲ್ಲೇ ಮಾತಾಡುತ್ತಿದ್ದರು. ಒಂದು ಇಂಗ್ಲಿಷ್ ವಾಕ್ಯ ಬಿದ್ದೊಡನೆ ದೂರುದಾರರು ಚಪ್ಪಲಿ ಹುಡುಕಿಕೊಂಡು ಹಿಂದಿರುಗುತ್ತಿದ್ದರು.

ಹಿಂದಿರುಗಿದರೂ ಮತ್ತೆ ಮತ್ತೆ ಹೋಗುತ್ತಿದ್ದವರೆಂದರೆ ಸರ್ವೇ ತಾತ ಒಬ್ಬರೇ. ಭೂಮಾಪನ ಇಲಾಖೆಯಲ್ಲಿ ಮೂವತ್ತನಾಲ್ಕು ವರ್ಷ ಸರಪಳಿ ಎಳೆದು ನಿವೃತ್ತರಾದ ಅವರಿಗೆ ಅಳೆಯದಿದ್ದರೆ ಊಟ ಸೇರುತ್ತಿರಲಿಲ್ಲ. ಬಿರುಕಿನ ಉದ್ದ, ನೀರಿನ ಧಾರೆಯ ದಪ್ಪ, ಎಲ್ಲವನ್ನೂ ದಿನಾ ಅಳೆದು ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದರು. ಆ ನೋಟ್‌ಬುಕ್ಕನ್ನು ಎದೆಗವಚಿಕೊಂಡು ಅವರು ಮೇಷ್ಟ್ರ ಮನೆಗೆ ಬಂದರು. ಕಣ್ಣಲ್ಲಿ ನೀರಾಡುತ್ತಿತ್ತು, ಆ ಬೀದಿಯಲ್ಲಿ ಬೇರೆಲ್ಲೂ ಕಾಣದ ನೀರು.

"ಅಂತೂ ಓದಿದೋನೊಬ್ಬನಿಗೆ ಧೈರ್ಯ ಬಂತಪ್ಪ. ತಗೋ. ಒಂಬತ್ತು ತಿಂಗಳ ಲೆಕ್ಕ ಇದರಲ್ಲಿದೆ. ಒಂದಂಗುಲಾನೂ ಹೆಚ್ಚು ಬರೆದಿಲ್ಲ, ಒಂದಂಗುಲಾನೂ ಕಮ್ಮಿ ಬರೆದಿಲ್ಲ."

"ತಾತ, ಅದು ಉಪನ್ಯಾಸ ಅಷ್ಟೇ, ಪಾಠದ ಬಗ್ಗೆ,"

"ಪಾಠ ಕಲಿಸು! ಅದೇ ಸರಿ ಅವನಿಗೆ!" ಎಂದು ಗುಡುಗಿದ ತಾತ, ಆ ಗುಡುಗಿನಲ್ಲೇ ನೆಟ್ಟಗೆ ಇಲಾಖೆಗೆ ನಡೆದರು. ಶನಿವಾರ ಹನ್ನೊಂದಕ್ಕೆ ತಮ್ಮ ಬೀದಿಯ ಮೇಷ್ಟ್ರು ಟ್ಯಾಂಕಿನ ಹಿಂದೆ ಏನು ನಡೆಯುತ್ತಿದೆ ಎಂಬುದನ್ನು ನೂರಿಪ್ಪತ್ತು ವಿದ್ಯಾವಂತರ ಮುಂದೆ ಬಯಲು ಮಾಡಲಿದ್ದಾರೆಂದೂ, ಸಾಹೇಬರಿಗೆ ಮರ್ಯಾದೆ ಇದ್ದರೆ ಬಂದು ಕೇಳಬೇಕೆಂದೂ ಬರೆದು, ಕೆಳಗೆ ಸಹಿ ಹಾಕಿ, ಸಾಹೇಬರ ಮೇಜಿನ ಮೇಲಿಟ್ಟು ಬಂದರು.

ಮಾರನೆಯ ದಿನ ಸಂಜೆ ಮೇಷ್ಟ್ರ ಫೋನು ರಿಂಗಾಯಿತು. ತಾತ, ಟೈಲರಕ್ಕ, ಹೆಂಡತಿ ಮೂವರೂ ಅಲ್ಲೇ ಕೂತಿದ್ದರು. ಅವರೀಗ ಎದ್ದು ಹೋಗುವುದನ್ನೇ ಬಿಟ್ಟಿದ್ದರು.

"ಹಲೋ. ದಿಸ್ ಈಸ್ ವಾಟರ್ ಡಿಪಾರ್ಟ್‌ಮೆಂಟ್," ಎಂದಿತು ಒಂದು ಗಡಸು ದನಿ.

ಮೇಷ್ಟ್ರು ಎದ್ದು ನಿಂತರು. ಎಡಗೈ ತಾನಾಗಿಯೇ ಅಂಗಿಯ ಮೇಲಿನ ಗುಂಡಿ ಹಾಕಿತು. "ಎಸ್ ಸರ್,"

"ವಾಟ್ ವಿಲ್ ಯೂ ಸ್ಪೀಕ್?"

ಏನು ಮಾತಾಡುತ್ತೀರಿ ಎಂದು ಕೇಳುತ್ತಿದ್ದಾರೆ. ನಿನ್ನೆಯಿಂದ ಮೇಷ್ಟ್ರು ತಮ್ಮನ್ನು ತಾವೇ ಕೇಳಿಕೊಳ್ಳುತ್ತಿದ್ದ ಪ್ರಶ್ನೆಯೂ ಅದೇ. ಅವರು ಪ್ರಾಮಾಣಿಕವಾಗಿ ಉತ್ತರಿಸಿದರು. "ಐ ಡೋಂಟ್ ನೋ ಸರ್,"

ಏನು ಹೇಳುತ್ತೇನೆಂದು ಮೊದಲೇ ಹೇಳಲು ಒಪ್ಪದ ಮನುಷ್ಯನಷ್ಟು ಅಪಾಯಕಾರಿ ಬೇರೆ ಯಾರಿದ್ದಾರೆ? ಸಾಹೇಬರ ಉಸಿರು ಫೋನಿನಲ್ಲಿ ಸ್ಪಷ್ಟವಾಗಿ ಕೇಳಿಸಿತು. ಕೊನೆಗೆ "ವಿ ಆರ್ ಲುಕಿಂಗ್ ಇನ್‌ಟು ದಿ ಮ್ಯಾಟರ್," ಎಂದು ಫೋನ್ ಇಟ್ಟುಬಿಟ್ಟರು.

"ಏನಂದ?" ತಾತ ಕೇಳಿದರು.

"ವಿಷಯ ಪರಿಶೀಲಿಸ್ತಾ ಇದೀವಿ ಅಂದ್ರು."

"ಹಾಗಂದ್ರೆ ಅದಾ ಅರ್ಥ?" ತಾತ ನೋಟ್‌ಬುಕ್ಕು ಮುಚ್ಚಿದರು. "ಒಂಬತ್ತು ತಿಂಗಳಿಂದ ನಂಗೂ ಅದನ್ನೇ ಅಂತಿದಾನೆ. ಆಚೆ ಹೋಗು ಅಂತಿದಾನೇನೋ ಅಂದ್ಕೊಂಡು ಬಂದುಬಿಡ್ತಿದ್ದೆ."

ಬುಧವಾರ ಮೇಷ್ಟ್ರು ತರಬೇತಿ ಕೇಂದ್ರದ ಸಂಚಾಲಕಿಗೆ ಫೋನ್ ಮಾಡಿದರು. "ಮೇಡಂ, ನನ್ನ ಉಪನ್ಯಾಸ," ಎಂದು ನಿಂತಿದ್ದೇ ತಡ, ಆಕೆ ಎಲ್ಲವೂ ಸಿದ್ಧವಾಗಿದೆಯೆಂದೂ, ಅವರು ಕೇಳಿದಂತೆ ಕಿಟಕಿ ಪಕ್ಕ ಕುರ್ಚಿ ಹಾಕಿಸಿದ್ದಾಗಿದೆಯೆಂದೂ, ಆ ಕುರ್ಚಿಯಿಂದ ಏನು ಮಾಡುತ್ತೀರೋ ನೋಡಲು ಕಾತರವಾಗಿದೆಯೆಂದೂ, ನೀರಿನ ಇಲಾಖೆಯ ಸಾಹೇಬರೇ ಬರುವೆನೆಂದು ತಿಳಿಸಿದ್ದಾರೆಂದೂ, ಇಷ್ಟು ವರ್ಷದಲ್ಲಿ ಬೇರೆ ಇಲಾಖೆಯವರು ತಮ್ಮ ಉಪನ್ಯಾಸ ಕೇಳಲು ಬರುತ್ತಿರುವುದು ಇದೇ ಮೊದಲೆಂದೂ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದರು. ಆಕೆಗೆ ಅಲ್ಪವಿರಾಮದ ಪರಿಚಯವೇ ಇರಲಿಲ್ಲ.

ಗುರುವಾರದಿಂದ ಮೇಷ್ಟ್ರ ಗಂಟಲು ಕಟ್ಟಿತು. ಅಂದರೆ ಮೇಷ್ಟ್ರೇ ಕಟ್ಟಿಕೊಂಡರು. ಕುತ್ತಿಗೆಗೆ ಮಫ್ಲರ್ ಸುತ್ತಿ, ಏನು ಕೇಳಿದರೂ ಗಂಟಲು ತೋರಿಸಿ ಕೈಯಾಡಿಸತೊಡಗಿದರು. ಅರ್ಧ ಗಂಟೆಯೊಳಗೆ ಬೀದಿಯ ಹನ್ನೆರಡು ಮನೆಗಳಿಂದ ಹನ್ನೆರಡು ಬಗೆಯ ಔಷಧಿ ಬಂತು. ಟೈಲರಕ್ಕ ತಾನೇ ನಿಂತು ಎಲ್ಲವನ್ನೂ ಒಂದಾದ ಮೇಲೊಂದು ಕುಡಿಸಿದಳು. "ನುಂಗಿ ಮೇಷ್ಟ್ರೇ. ನಮ್ಮ ನೀರು ನಿಮ್ಮ ಗಂಟಲಲ್ಲಿದೆ!" ಮೇಷ್ಟ್ರು ಏಳನೆಯ ಲೋಟಕ್ಕೆ ಬರುವಷ್ಟರಲ್ಲಿ ಗಂಟಲು ನಿಜವಾಗಿಯೂ ಉರಿಯತೊಡಗಿತ್ತು. ಶುಕ್ರವಾರ ಬೆಳಿಗ್ಗೆ ಹೆಡ್‌ಮಿಸ್ ಫೋನ್ ಮಾಡಿದರು.

"ಧ್ವನಿ ಹೋದ್ರೆ ಹೋಗಲಿ, ಹೆದರಬೇಡಿ. ನೀವು ಬರೆದಿಟ್ಟಿರೋ ಉಪನ್ಯಾಸ ಕೊಟ್ಟುಬಿಡಿ. ಹೊಸ ಮಿಸ್ ಓದ್ತಾಳೆ."

ಬರೆದಿಟ್ಟಿದ್ದು ಒಂದಕ್ಷರವೂ ಇರಲಿಲ್ಲ. "ಬೇಡ ಮಿಸ್, ನಾನೇ ಮಾತಾಡ್ತೀನಿ!" ಎಂದು ಮೇಷ್ಟ್ರು ಕೂಗಿದ್ದು ಬೀದಿಯ ಕೊನೆಗೂ ಕೇಳಿಸಿತು. ಯಾವ ಔಷಧಿಯಿಂದ ಧ್ವನಿ ಬಂತು ಎಂಬುದರ ಬಗ್ಗೆ ಹನ್ನೆರಡು ಮನೆಗಳಲ್ಲಿ ಇವತ್ತಿಗೂ ಒಮ್ಮತವಿಲ್ಲ.

ಶನಿವಾರ ಬಂದೇ ಬಂತು.

ಸಭಾಂಗಣದ ಮುಂದಿನ ಸಾಲಿನಲ್ಲಿ ನೀರಿನ ಸಾಹೇಬರು ತೊಡೆಯ ಮೇಲೆ ಎರಡು ಫೈಲಿಟ್ಟುಕೊಂಡು ಕೂತಿದ್ದರು. ಎತ್ತರದ ಆಳು, ಇಸ್ತ್ರಿ ಮಾಡಿದ ಅಂಗಿ, ಮೂರು ಜೇಬಿನಲ್ಲಿ ಮೂರು ಪೆನ್ನು. ಕೊನೆಯ ಸಾಲಿನಲ್ಲಿ ಬೀದಿಯವರು ಒಂಬತ್ತು ಜನ. ತಾತನ ಕೈಯಲ್ಲಿ ನೋಟ್‌ಬುಕ್ಕು, ಕೊರಳಲ್ಲಿ ಅಳತೆ ಟೇಪು. ನಡುವೆ ನೂರಿಪ್ಪತ್ತು ಇಂಗ್ಲಿಷ್ ಶಿಕ್ಷಕರು, ನೂರಿಪ್ಪತ್ತು ಪೆನ್ನು. ಹೊಸ ಮಿಸ್ಸಿನ ಉಪನ್ಯಾಸ ಹತ್ತೂವರೆಗೇ ಇತ್ತು. ಗೋಡೆಯ ಮೇಲೆ ಬಾಣಗಳು ಓಡಿದವು, ವೃತ್ತಗಳು ತಿರುಗಿದವು, ಎಲ್ಲರೂ ಆಕಳಿಸಿ ಚಪ್ಪಾಳೆ ತಟ್ಟಿದರು. ಹನ್ನೊಂದಾಯಿತು.

ವೇದಿಕೆಗೆ ಐದು ಮೆಟ್ಟಿಲು. ಮೇಷ್ಟ್ರು ಆರು ಹತ್ತಿದರು; ಆರನೆಯದು ಅಲ್ಲಿರಲಿಲ್ಲ. ಬೀಳದೆ ಸುಧಾರಿಸಿಕೊಂಡು ಮೈಕಿನ ಮುಂದೆ ನಿಂತು ಸುತ್ತ ನೋಡಿದರು. ಒಂದು ಕಪ್ಪು ಹಲಗೆ. ಕಿಟಕಿ ಪಕ್ಕದಲ್ಲಿ ಒಂದು ಖಾಲಿ ಕುರ್ಚಿ, ಯಾರೋ ಅದರ ಧೂಳೊರೆಸಿ ಕೂಡ ಇಟ್ಟಿದ್ದರು. ಹನ್ನೊಂದು ಶನಿವಾರ ಆಶ್ರಯ ಕೊಟ್ಟ ಅಂಥ ಕುರ್ಚಿಯನ್ನು ಕಂಡು ಮೇಷ್ಟ್ರಿಗೆ ಅಳು ಬಂತು. ಸುಳ್ಳು ಹೇಳಲು ಏನೂ ತೋಚದೆ, ನಿಜವನ್ನೇ ಹೇಳುವುದೆಂದು ಆ ಕ್ಷಣದಲ್ಲಿ ನಿರ್ಧರಿಸಿದರು. ಇಂಗ್ಲಿಷಿನಲ್ಲೇ ಹೇಳಿದರು.

"ಸ್ನೇಹಿತರೇ, ಇದು ಉಪನ್ಯಾಸದ ಹೆಸರಲ್ಲ. ನನ್ನ, ಮನೆ ವಿಳಾಸ. ನಾನು ಅರ್ಜಿಯನ್ನು, ತಪ್ಪಾಗಿ ಓದಿಕೊಂಡೆ."

ಮರುಕ್ಷಣ ನೂರಿಪ್ಪತ್ತು ಜನರೂ ಬಿದ್ದು ಬಿದ್ದು ನಕ್ಕು ಚಪ್ಪಾಳೆ ತಟ್ಟಿದರು. ಹೆಡ್‌ಮಿಸ್ ಕಣ್ಣೊರೆಸಿಕೊಂಡು ಪಕ್ಕದವರಿಗೆ, "ಆರಂಭ ಅಂದ್ರೆ ಹೀಗಿರಬೇಕು," ಅಂದರು. ಸಂಚಾಲಕಿ ಏನನ್ನೋ ಬರೆದುಕೊಂಡರು.

ನಿಜ ಮುಗಿದುಹೋಯಿತು. ಅದಕ್ಕೆ ತಗುಲಿದ್ದು ನಲವತ್ತು ಸೆಕೆಂಡು. ಇನ್ನೂ ಇಪ್ಪತ್ತೊಂದು ನಿಮಿಷ, ಇಪ್ಪತ್ತು ಸೆಕೆಂಡು ಉಳಿದಿತ್ತು. ಮೇಷ್ಟ್ರು ಸುಮ್ಮನೆ ನಿಂತರು. ಅದು ಅವರ ಜೀವಮಾನದ ಅತಿ ಉದ್ದದ ಅಲ್ಪವಿರಾಮ. ಜನ ಕಾದರು. ಮೂರನೆಯ ಸಾಲಿನಲ್ಲೊಬ್ಬ ಹಿರಿಯ ಶಿಕ್ಷಕರು, "ಮೌನವನ್ನ ಹೇಗೆ ಬಳಸ್ತಿದಾರೆ ನೋಡಿ," ಎಂದು ಪಿಸುಗುಟ್ಟಿದರು.

ಸರ್ವೇ ತಾತನಿಗೆ ಮಾತ್ರ ತಡೆದುಕೊಳ್ಳಲಾಗಲಿಲ್ಲ. ಕೊನೆಯ ಸಾಲಿನಿಂದ ಎದ್ದು ನಿಂತು ಕೂಗಿದರು. "ಟ್ಯಾಂಕಿನ ವಿಷಯಕ್ಕೆ ಬಾರಪ್ಪಾ! ಇವತ್ತಿನ ಬಿರುಕು ಹದಿನೇಳು ಅಂಗುಲ! ಅಲ್ಲೇ ಮುಂದೆ ಕೂತಿದಾನೆ ನೋಡು, ಕೇಳು ಅವನನ್ನ!"

ನೂರಿಪ್ಪತ್ತು ತಲೆಗಳು ಹಿಂದಕ್ಕೆ ತಿರುಗಿದವು, ಆಮೇಲೆ ಮುಂದಕ್ಕೆ ತಿರುಗಿದವು. ಸಾಹೇಬರು ಎದ್ದರು. ಫೈಲುಗಳು ಕೆಳಗೆ ಬಿದ್ದವು. ಗಂಟಲು ಸರಿಮಾಡಿಕೊಂಡು ಗಡಸಾಗಿ ಹೇಳಿದರು: "ವಿ ಆರ್ ಲುಕಿಂಗ್ ಇನ್‌ಟು ದಿ ಮ್ಯಾಟರ್."

ಇಲ್ಲಿ ಮೇಷ್ಟ್ರು ಆಲೋಚಿಸಿ ಮಾಡಿದ್ದು ಏನೂ ಇಲ್ಲ. ಇಪ್ಪತ್ತೆರಡು ವರ್ಷ ಯಾರಾದರೂ ಎದ್ದು ನಿಂತು ಇಂಗ್ಲಿಷಿನಲ್ಲಿ ಒಂದು ವಾಕ್ಯ ಹೇಳಿದರೆ ಅವರ ಕೈ ಏನು ಮಾಡುತ್ತಿತ್ತೋ ಅದನ್ನೇ ಮಾಡಿತು. ಚಾಕ್‌ಪೀಸ್ ತೆಗೆದುಕೊಂಡು ಆ ವಾಕ್ಯವನ್ನು ಹಲಗೆಯ ಮೇಲೆ ದುಂಡಗೆ ಬರೆಯಿತು. ಕ್ರಿಯಾಪದದ ಕೆಳಗೆ ಗೆರೆ ಎಳೆಯಿತು.

"ಇದು ಯಾವ ಕಾಲ?" ಎಂದು ಮೇಷ್ಟ್ರು ಕೇಳಿದರು.

"ವರ್ತಮಾನ! ನಡೀತಾ ಇರೋ ಕ್ರಿಯೆ!" ಎಂದು ನೂರಿಪ್ಪತ್ತು ಕಂಠಗಳು ಒಟ್ಟಿಗೆ ಉತ್ತರಿಸಿದವು. ಶಿಕ್ಷಕರನ್ನು ಎಷ್ಟೋ ವರ್ಷಗಳಿಂದ ಯಾರೂ ಪ್ರಶ್ನೆ ಕೇಳಿರಲಿಲ್ಲ. ಪಾಪ, ಅವರಿಗೂ ಆಸೆಯಿತ್ತು.

"ಎಂದಿನಿಂದ, ನಡೀತಾ ಇದೆ?"

"ಒಂಬತ್ತು ತಿಂಗಳು ಹನ್ನೊಂದು ದಿನದಿಂದ!" ತಾತ ನೋಟ್‌ಬುಕ್ಕು ಎತ್ತಿ ಹಿಡಿದರು.

"ಹಾಗಿದ್ರೆ, ವಾಕ್ಯ ತಪ್ಪು," ಅಂದರು ಮೇಷ್ಟ್ರು. ಹಿಂದೆ ಶುರುವಾಗಿ ಇನ್ನೂ ಮುಗಿಯದ ಕೆಲಸಕ್ಕೆ ಇಂಗ್ಲಿಷಿನಲ್ಲಿ ಬೇರೆ ರೂಪವಿದೆ. ಅವರು ತಿದ್ದಿ ಬರೆದರು: "ವಿ ಹ್ಯಾವ್ ಬೀನ್ ಲುಕಿಂಗ್ ಇನ್‌ಟು ದಿ ಮ್ಯಾಟರ್ ಫಾರ್ ನೈನ್ ಮಂತ್ಸ್." ಆಮೇಲೆ ತರಗತಿಯಲ್ಲಿ ಹೇಳುವಂತೆಯೇ, "ಎಲ್ಲಿ, ನೀವೊಂದ್ಸಲ ಹೇಳಿ," ಅಂದರು ಸಾಹೇಬರಿಗೆ.

ಮುಂದಿನ ಸಾಲಿನಲ್ಲಿ ನಿಂತವರು ಇಲಾಖೆಯ ಸಾಹೇಬರೆಂಬುದು ಮೇಷ್ಟ್ರಿಗೆ ಆ ಗಳಿಗೆಯಲ್ಲಿ ಮರೆತೇಹೋಗಿತ್ತು. ಅದಕ್ಕಿಂತ ವಿಚಿತ್ರವೆಂದರೆ ಸಾಹೇಬರಿಗೂ ಮರೆತಂತಿತ್ತು. ಕೈಕಟ್ಟಿ ನಿಂತು, ಒಂದೊಂದೇ ಪದವನ್ನು ಹಲಗೆ ನೋಡಿಕೊಂಡು ಹೇಳಿದರು. ಹೇಳುತ್ತ ಹೇಳುತ್ತ ವಾಕ್ಯದ ಅರ್ಥ ಅವರಿಗೇ ತಟ್ಟಿರಬೇಕು. ಒಂಬತ್ತು ತಿಂಗಳು ಎನ್ನುವಲ್ಲಿ ದನಿ ಇಳಿದು ಹಣೆಯಲ್ಲಿ ಬೆವರೊಡೆಯಿತು.

"ಈಗ ಭವಿಷ್ಯತ್ಕಾಲ."

"ವಿ ವಿಲ್ ಲುಕ್…"

"ನೋಡಿದ್ದು ಸಾಕು. ಕ್ರಿಯಾಪದ, ಬದಲಾಯಿಸಿ."

ಸಾಹೇಬರು ಅತ್ತಿತ್ತ ನೋಡಿದರು. ಎರಡನೆಯ ಸಾಲಿನ ಶಿಕ್ಷಕಿಯೊಬ್ಬಳು ಪರೀಕ್ಷೆಯಲ್ಲಿ ಹೇಳಿಕೊಡುವವಳಂತೆ ಪಿಸುಗುಟ್ಟಿದಳು. "ವಿ ವಿಲ್ ರಿಪೇರ್," ಅಂದರು ಸಾಹೇಬರು.

"ಯಾವಾಗ? ಯಾವಾಗ ಅಂತ ಹೇಳದೇ ಇದ್ರೆ, ಭವಿಷ್ಯತ್ಕಾಲದ ವಾಕ್ಯ, ಅರ್ಧವಾಕ್ಯ."

"ಸೂನ್."

"ಆಗಲ್ಲ!" ಎಂದಿತು ಸಭೆ. ಮೂರನೆಯ ಸಾಲಿನ ಹಿರಿಯರು ಎದ್ದು ನಿಂತು, 'ಬೇಗ' ಎಂಬುದನ್ನು ತಾವು ಯಾವ ಉತ್ತರಪತ್ರಿಕೆಯಲ್ಲೂ ಒಪ್ಪಿಕೊಳ್ಳುವುದಿಲ್ಲವೆಂದು ಸ್ಪಷ್ಟಪಡಿಸಿದರು.

"ಆನ್… ಥರ್ಸ್‌ಡೇ."

ಮೇಷ್ಟ್ರು ಬರೆದರು. ನೂರಿಪ್ಪತ್ತು ಪೆನ್ನುಗಳೂ ಬರೆದುಕೊಂಡವು. ಆಗ ಕೊನೆಯ ಸಾಲಿನಲ್ಲಿ ಟೈಲರಕ್ಕ ಎದ್ದಳು. ಹುಟ್ಟಿದಾಗಿನಿಂದ ಒಂದು ಇಂಗ್ಲಿಷ್ ವಾಕ್ಯವನ್ನೂ ಆಡದವಳು. ಸೆರಗು ಸರಿಮಾಡಿಕೊಂಡು, ಕಣ್ಣು ಮುಚ್ಚಿ, ಎರಡೇ ಪದ ಬಿಟ್ಟಳು.

"ವಾಟ್ ಟೈಮ್?"

ಸಭಾಂಗಣ ಎದ್ದು ನಿಂತುಬಿಟ್ಟಿತು. ಚಪ್ಪಾಳೆಯ ನಡುವೆ ಸಾಹೇಬರು "ಟೆನ್ ಓ ಕ್ಲಾಕ್" ಎಂದದ್ದು ಮೊದಲ ಎರಡು ಸಾಲಿಗಷ್ಟೇ ಕೇಳಿಸಿತು. ಆದರೆ ತಾತ ಅದನ್ನು ತುಟಿಯ ಚಲನೆಯಿಂದಲೇ ಅಳೆದು ಬರೆದುಕೊಂಡರು.

ಸಂಚಾಲಕಿ ವೇದಿಕೆಗೆ ಓಡಿಬಂದರು. "ಎಷ್ಟು ದಿನ ತಾಲೀಮು ಮಾಡಿದ್ರಿ ಸರ್? ಆ ತಾತನ ಸಿಟ್ಟು! ಆ ಅಧಿಕಾರಿಯ ಪಾತ್ರ ಮಾಡಿದೋರ ಬೆವರು! ಬೆವರನ್ನ ಹೇಗೆ ಸಾರ್ ಬರಿಸಿದ್ರು?" ತನಗೇ ಚಪ್ಪಾಳೆ ಎಂದು ತಿಳಿದ ಸಾಹೇಬರು ಸಭೆಯ ಕಡೆ ತಿರುಗಿ ಕೈಮುಗಿದರು. ಚಪ್ಪಾಳೆ ಇನ್ನೂ ಹೆಚ್ಚಿತು.

ಮೇಷ್ಟ್ರು ಕಿಟಕಿ ಪಕ್ಕದ ಕುರ್ಚಿಗೆ ಹೋಗಿ ಕುಸಿದು ಕೂತರು. ಅದನ್ನೂ ಕೆಲವರು ಬರೆದುಕೊಂಡರು.

ವರದಿ ಸೋಮವಾರವೇ ಬಂತು. "ಜೀವಂತ ಭಾಷೆಯನ್ನು ಬೀದಿಯಿಂದ ತರಗತಿಗೆ ತಂದ ಅಪೂರ್ವ ಪ್ರಯೋಗ" ಎಂದಿತ್ತು. ಹತ್ತನೇ ಕ್ಲಾಸು ಮೇಷ್ಟ್ರಿಗೇ ಉಳಿಯಿತು. ಹೊಸ ಮಿಸ್ ಮೇಷ್ಟ್ರ ಪಾಠಕ್ಕೆ ಬಂದು ಕೂತು, ಎಲ್ಲೆಲ್ಲಿ ನಿಲ್ಲುತ್ತಾರೆಂದು ಗುರುತು ಹಾಕಿಕೊಳ್ಳತೊಡಗಿದಳು. ಇದರಿಂದ ಮೇಷ್ಟ್ರಿಗೆ ನಿಲ್ಲಲೂ ಭಯ, ನಿಲ್ಲದಿರಲೂ ಭಯ. ಮತ್ತೆ ಆರು ಊರುಗಳಲ್ಲಿ ಇದೇ ಕಾರ್ಯಕ್ರಮವನ್ನು ಇದೇ ತಂಡದೊಡನೆ ನಡೆಸಿಕೊಡಬೇಕೆಂದು ಕೇಂದ್ರದಿಂದ ಪತ್ರ ಬಂದಾಗ ಅವರು ಅದನ್ನು ಅಕ್ಕಿ ಡಬ್ಬಿಯ ತಳದಲ್ಲಿ ಬಚ್ಚಿಟ್ಟರು. ಹೆಂಡತಿ ಅಂದೇ ಅಕ್ಕಿ ಅಳೆಯುವಾಗ ಅದನ್ನು ಕಂಡು, ಟೈಲರಕ್ಕನಿಗೆ ಆರು ಊರಿಗೆ ಆರು ರವಿಕೆ ಹೊಲಿಯಲು ಹೇಳಿದಳು.

ಈ ನಡುವೆ ಗುರುವಾರ ಹತ್ತಿರ ಬಂದ ಹಾಗೆ ಮೇಷ್ಟ್ರ ಹೆದರಿಕೆ ಹೆಚ್ಚಾಯಿತು. ಸಾಹೇಬರು ಬರದಿದ್ದರೆ ಬೀದಿಯವರು ಮೇಷ್ಟ್ರನ್ನೇ ಹಿಡಿಯುತ್ತಾರೆ. ಬಂದರೆ, ನೂರಿಪ್ಪತ್ತು ಜನರೆದುರು ತನ್ನನ್ನು ನಿಲ್ಲಿಸಿ ಪಾಠ ಒಪ್ಪಿಸಿಕೊಂಡ ಮನುಷ್ಯನ ಮನೆ ಯಾವುದು ಎಂದು ಸಾಹೇಬರು ಕೇಳದೆ ಬಿಡುತ್ತಾರೆಯೇ?

ಗುರುವಾರ ಹತ್ತು ಗಂಟೆಗೆ ಮೊದಲೇ ತಾತ ಟ್ಯಾಂಕಿನ ಕೆಳಗೆ ಗಡಿಯಾರ ಹಿಡಿದು ನಿಂತಿದ್ದರು. ಹತ್ತಕ್ಕೆ ಎರಡು ನಿಮಿಷವಿರುವಾಗ ಇಲಾಖೆಯ ಗಾಡಿ ಬಂತು. ಏಣಿ, ಸಿಮೆಂಟು, ನಾಲ್ಕು ಜನ ಕೆಲಸಗಾರರು, ಮುಂದಿನ ಸೀಟಿನಲ್ಲಿ ಸಾಹೇಬರು. ಇಡೀ ದಿನ ಕೆಲಸ ನಡೆಯಿತು. ಮೇಷ್ಟ್ರು ಶಾಲೆಯಿಂದ ಸುತ್ತುದಾರಿ ಹಿಡಿದು, ಹಿತ್ತಲ ಬಾಗಿಲಿನಿಂದ ಮನೆ ಸೇರಿ, ಕಿಟಕಿಗಳನ್ನು ಮುಚ್ಚಿಕೊಂಡು ಕೂತರು.

ಐದೂವರೆಗೆ ಯಾರೋ ಬಾಗಿಲು ಬಡಿದರು.

ಹೆಂಡತಿ ತೆರೆದಳು. ಮೊಣಕಾಲ ತನಕ ಕೆಸರು, ಇಸ್ತ್ರಿ ಹೋದ ಅಂಗಿ, ಕೂದಲಲ್ಲಿ ಸಿಮೆಂಟಿನ ಪುಡಿ. ಹೊಸ್ತಿಲಲ್ಲಿ ಸಾಹೇಬರು ನಿಂತಿದ್ದರು. ಮೇಷ್ಟ್ರು ಎದ್ದು ಗೋಡೆಗೆ ಅಂಟಿಕೊಂಡರು. "ಸರ್, ಶನಿವಾರದ್ದು, ನಾನು ಬೇಕೂಂತ,"

"ಬಾಗಿಲು ಹಾಕ್ತೀರಾ ಅಮ್ಮ?" ಅಂದರು ಸಾಹೇಬರು, ಎಲ್ಲರೂ ಆಡುವ ಮಾತಿನಲ್ಲೇ. "ಯಾರಿಗೂ ಕೇಳಿಸಬಾರದು."

ಹೆಂಡತಿಗೆ ಬಾಗಿಲು ಹಾಕುವುದೇ ಮರೆತುಹೋಯಿತು. "ಅಯ್ಯೋ! ನಿಮಗೆ ನಮ್ಮ ಮಾತು ಬರತ್ತಾ?"

"ಅದೊಂದೇ ಬರೋದು ತಾಯಿ." ಸಾಹೇಬರು ಕುರ್ಚಿಯ ತುದಿಯಲ್ಲಿ ಕೂತರು, ಅಂಗಿ ಕುರ್ಚಿಗೆ ತಾಗದ ಹಾಗೆ. "ಇಂಗ್ಲಿಷಲ್ಲಿ ನನ್ನ ಹತ್ರ ಇರೋದು ಹನ್ನೊಂದು ವಾಕ್ಯ. ಹಳೇ ಫೈಲುಗಳಿಂದ ಬಾಯಿಪಾಠ ಮಾಡಿದ್ದು. ಹಿಂದಿದ್ದ ಸಾಹೇಬರಿಗೆ ಚೆನ್ನಾಗಿ ಬರ್ತಿತ್ತಂತೆ. ನನಗೆ ಬರಲ್ಲ ಅಂತ ಗೊತ್ತಾದ್ರೆ ಆಫೀಸಲ್ಲಿ ಯಾರೂ ಬೆಲೆ ಕೊಡಲ್ಲ ಅಂತ ಹೆದರಿಕೆ. ಮೊದಲ ದಿನ ಒಂದು ವಾಕ್ಯ ಹೇಳಿದೆ, ಬಂದೋರು ಹೊರಟುಹೋದ್ರು. ಆಮೇಲೆ ಯಾರು ಬಂದ್ರೂ ಅದನ್ನೇ ಹೇಳ್ತಾ ಬಂದೆ. ನೀವು ಫೋನಲ್ಲಿ ಎಸ್ ಸರ್ ಅಂದ್ರಲ್ಲ, ಅವತ್ತು ರಾತ್ರಿ ನಂಗೆ ನಿದ್ದೆ ಇಲ್ಲ."

"ನಂಗೂ, ಇಲ್ಲ," ಅಂದರು ಮೇಷ್ಟ್ರು.

ಅಡುಗೆಮನೆಯ ನಲ್ಲಿ ಒಮ್ಮೆ ಕೆಮ್ಮಿ, ಗಂಟಲು ಸರಿಮಾಡಿಕೊಂಡು, ಧೋ ಎಂದು ಸುರಿಯತೊಡಗಿತು. ಹೆಂಡತಿ ಬಿಂದಿಗೆ ಹುಡುಕಲು ಓಡಿದಳು. ಬೀದಿಯಲ್ಲಿ ಹನ್ನೆರಡು ಮನೆಗಳಲ್ಲೂ ಅದೇ ಓಡಾಟ ಕೇಳಿಸಿತು.

"ಸಂಜೆ ಹೊತ್ತು ನಂಗೆ ಪಾಠ ಹೇಳ್ತೀರಾ ಮೇಷ್ಟ್ರೇ?" ಎಂದು ಸಾಹೇಬರು ಮೆಲ್ಲಗೆ ಕೇಳಿದರು. "ಇಷ್ಟು ವರ್ಷ ಯಾರೂ ನನ್ನ ವಾಕ್ಯ ತಿದ್ದಿರಲಿಲ್ಲ. ನೀವು ಅವತ್ತು ತಿದ್ದಿದಾಗ ಭಯ ಆಯ್ತು. ಆದ್ರೂ ಚೆನ್ನಾಗಿತ್ತು."

ಮೇಷ್ಟ್ರು ಗೋಡೆ ಬಿಟ್ಟು ಬಂದು ಎದುರಿನ ಕುರ್ಚಿಯಲ್ಲಿ ಕೂತರು. ಹಾಳೆ ಪೆನ್ಸಿಲು ಆಗಲೇ ಕೈಗೆ ಬಂದಾಗಿತ್ತು. "ವರ್ತಮಾನ ಆಯ್ತು, ಭವಿಷ್ಯತ್ತೂ ಆಯ್ತು. ಇವತ್ತು, ಯಾವುದರಿಂದ ಶುರು ಮಾಡೋಣ?"

ಸಾಹೇಬರು ತಮ್ಮ ಕೈಗೆ ಮೆತ್ತಿದ್ದ ಒಣಗಿದ ಸಿಮೆಂಟನ್ನು ನೋಡಿಕೊಂಡರು.

"ಭೂತಕಾಲದಿಂದ ಶುರು ಮಾಡಿ ಮೇಷ್ಟ್ರೇ. ರಿಪೇರಿ ಆಯ್ತು ಅನ್ನೋದನ್ನ ಇಂಗ್ಲಿಷಲ್ಲಿ ಹೇಗೆ ಹೇಳ್ತಾರೋ ನಂಗೆ ಗೊತ್ತಿಲ್ಲ. ಇಲ್ಲೀವರೆಗೂ ಬೇಕಾಗಿರಲಿಲ್ಲ."